ಏಳುವ ಅಳತೆ

ಪುಣೆಯಿಂದ ಬಂದ ಹುಡುಗ ಫೋನನ್ನು ಮೇಜಿನ ಮೇಲಿಟ್ಟು ಕೇಳಿದ:
"ನಿಮ್ಮ ಮೇಲೆ ಯಾರ ಪ್ರಭಾವ, ಮೇಡಂ?"
ಮೇಜು ನನ್ನದೇ ಕೈಯದು. ಒಂದು ಕಾಲು ಗಿಡ್ಡ.
ಅದರಡಿ ನಾಲ್ಕು ಮಡಿಕೆಯಾಗಿ ಕೂತಿತ್ತು
ಬೆಟಗೇರಿ ಮನೆಯ ನೀರಿನ ಬಿಲ್ಲು.

ಪರದೇಶದ ಹೆಸರು ಎರಡು ಮೂರು ಬಾಯಿಪಾಠ ಇವೆ,
ಕಾಲೇಜಿನಲ್ಲಿ ಉರು ಹೊಡೆದವು,
ಬೀಗರು ಬಂದಾಗ ಇಳಿಸುವ ಕಪ್ಪು ಬಸಿಗಳ ಹಾಗೆ
ಮೇಲಿನ ಹಲಗೆಯಲ್ಲಿ.
ಇಳಿಸಲಿಲ್ಲ.

"ಲಕ್ಕುಂಡಿಯ ಕಂಬ ಅಂತ ಬರಕೊಳ್ಳಲೇ?"
ಬರಕೋ.
ಆದರೆ ನಾನು ಅಲ್ಲಿ ನೋಡಿದ್ದು ಕಂಬವನ್ನಲ್ಲ,
ಕಾವಲಿನವನು ದಿನಾ ಒರಗುವ ಕಡೆ
ಕಲ್ಲು ಬೇರೆ ಬಣ್ಣಕ್ಕೆ ತಿರುಗಿದ್ದನ್ನು.

ಅಜ್ಜ ಕುಣಿಮಗ್ಗದವನು.
ಐವತ್ತೆರಡು ವರ್ಷ ಕಾಲು ನೆಲದೊಳಗೆ,
ಸೊಂಟದಿಂದ ಮೇಲಷ್ಟೇ ಸಂಸಾರದಲ್ಲಿ.
ಅವನ ಕುರ್ಚಿ ಎಂದರೆ ಭೂಮಿ, ಮೇಲೊಂದು ಗೋಣಿತಟ್ಟು.
ಮಗ್ಗ ಮಾರಿದ ದಿನ ಕುಣಿ ಮುಚ್ಚಿ ಫರಸಿ ಹಾಸಿದರು.
ಆಮೇಲೆ ಎಲ್ಲಿ ಕೂತರೂ ಅವನು
ಕಾಲು ಎಲ್ಲಿಡಲಿ ಎಂದು ಕೇಳುವವನ ಹಾಗೆಯೇ ಕೂತ.

ಹೋದ ವರ್ಷ ಆ ಫರಸಿ ಎಬ್ಬಿಸಿದೆ.
ಮಣ್ಣು ತೋಡಿ ತೆಗೆದು ಟೇಪು ಹಿಡಿದೆ.
ಆಳಕ್ಕಿಂತ ನನಗೆ ಬೇಕಿದ್ದು ಅಂಚು:
ಎರಡು ತೊಡೆ ಸವೆಸಿ ಸವೆಸಿ
ಹೊರಳಿಸಿದ ಗೋಡುಮಣ್ಣಿನ ತುಟಿ.
ಹಳೆಯ ಪೇಪರಿನಲ್ಲಿ ಅದರ ಅಚ್ಚು ತೆಗೆದು
ಮಾನಪ್ಪ ಬಡಿಗೇರನ ಕೈಗಿಟ್ಟೆ.
"ಇದು ಯಾವ ಡಿಸೈನ್ ರೀ?" ಅಂದ.
"ನಮ್ಮಜ್ಜಂದು."
"ಹಂಗಾರ ಸಾವಕಾಶ ಕೊರೀತೀನಿ."

ಕಟ್ಟಿಗೆ ಹುಬ್ಬಳ್ಳಿ ವರ್ಕ್‌ಶಾಪಿನ ಹರಾಜಿನದು,
ಯಾವುದೋ ಬೋಗಿಯ ತೇಗದ ಪಟ್ಟಿ.
ಅದರ ಮೇಲೆ ಯಾರೋ ಮೊಳೆಯಿಂದ ಗೀಚಿದ್ದ: ಸರೋಜಾ.
ಬಿಡು ಅನ್ನುವಷ್ಟರಲ್ಲಿ ಮಾನಪ್ಪನ ಉಜ್ಜುಗೊರಡು
ಒಂದು ಅಕ್ಷರ ತಿಂದಿತ್ತು.
ಈಗ ಕುರ್ಚಿಯ ಅಡಿಯಲ್ಲಿ ರೋಜಾ ಇದ್ದಾಳೆ,
ಕಸ ಗುಡಿಸುವವರಿಗೆ ಮಾತ್ರ ಕಾಣುತ್ತಾಳೆ.

ದಿಂಬು ರಾಜೇಸಾಬ ನದಾಫರದು.
ಸ್ಪಂಜು ಯಾಕೆ ಬೇಡ ಎಂದರೆ ನಗುತ್ತಾರೆ:
"ಹತ್ತಿ ತುಂಬೂದು ಕೆಲಸ ಅಲ್ಲವಾ,
ಗಾಳಿಗೆ ಎಷ್ಟು ಜಾಗ ಬಿಡತೀ, ಅದು ಕೆಲಸ."
ಇದನ್ನು ಗೋಡೆಗೆ ಬರೆದು ಹಚ್ಚಬೇಕೆಂದಿದ್ದೆ.
ಅವರ ಬಿಲ್ಲು ಚುಕ್ತಾ ಮಾಡುವುದೇ ಇನ್ನೂ ಬಾಕಿ.

ಮತ್ತೆ ನಮ್ಮ ಫಕೀರವ್ವ ದೊಡ್ಡವ್ವ,
ಎರಡೂ ಮೊಣಕಾಲು ಹೋದವಳು.
ಮೊದಲ ಕುರ್ಚಿಯಲ್ಲಿ ಕೂತಳು, ಚಂದ ಐತಿ ಅಂದಳು,
ಮಧ್ಯಾಹ್ನದ ತನಕ ಏಳಲಿಲ್ಲ.
ನಾನು ಹಿಗ್ಗಿದೆ.
ಏಳಲು ಆಗಿರಲಿಲ್ಲ ಅವಳಿಗೆ.
"ಕುಂಡರೂದರಾಗ ಏನೈತಿ ಹುಚ್ಚಿ,
ಹೆಣಾನೂ ಕುಂಡರಸ್ತೀವಿ ನಾವು.
ಏಳೂದು ನೋಡು."

ಅಲ್ಲಿಂದ ನನ್ನ ವಿದ್ಯೆ ತಲೆಕೆಳಗಾಯಿತು.
ಎರಡನೆಯದರಲ್ಲಿ ಗೋಡೆ ಹಿಡಿದಳು,
ಮೂರನೆಯದು ನಿರಿಗೆ ಹಿಡಿಯಿತು,
ನಾಲ್ಕನೆಯದರ ಸುದ್ದಿ ಬೇಡ.
ಐದನೆಯದರ ಕೈಯನ್ನು ನಾಲ್ಕು ಬೆರಳು ಮುಂದೆ ಚಾಚಿದೆ,
ತುದಿಯನ್ನು ಅಂಗೈಯೊಳಗೆ ಅಡಗುವ ರೊಟ್ಟಿಯ ಉಂಡೆಯಷ್ಟು ಮಾಡಿದೆ.
ಒತ್ತಿದಳು. ಎದ್ದಳು.
ಎದ್ದವಳು ನಿಲ್ಲಲಿಲ್ಲ, ಸೀದಾ ಹಿತ್ತಲಿಗೆ ಹೋದಳು.
ನನಗೆ ಸಿಕ್ಕ ಬಹುಮಾನ ಅವಳ ಆ ಬೆನ್ನು.

ಹುಡುಗ ಅದೇ ಐದನೆಯದರಲ್ಲಿ ಕೂತಿದ್ದ.
"ಇದರ ಹೆಸರು?" ಎಂದ.
ಇಟ್ಟಿಲ್ಲ ಎಂದೆ.
ಹೊರಡುವಾಗ ಅವನ ಇಪ್ಪತ್ತಾರರ ಕೈ
ತನಗೇ ತಿಳಿಯದೆ ಆ ಉಂಡೆಯನ್ನು ಹುಡುಕಿ ಒತ್ತಿತು.
ಒಳಗಿನಿಂದ ದೊಡ್ಡವ್ವ ನೋಡಿದಳು,
ನನ್ನ ಮುಖ ಮಾತ್ರ ನೋಡಲಿಲ್ಲ.

ಒಂದು ಮಾತು ಅವನ ಫೋನಿಗೆ ಸಿಗಲಿಲ್ಲ.
ಆ ಕುಣಿಯನ್ನು ನಾನು ಮತ್ತೆ ಮುಚ್ಚಿಲ್ಲ.
ಪವರ್‌ಲೂಮುಗಳು ಸುಮ್ಮನಾದ ಮೇಲೆ
ಅಂಚಿಗೆ ಕೂತು, ಕಾಲು ಇಳಿಬಿಟ್ಟು,
ತೊಡೆಯ ಮೇಲಿನ ಹಲಗೆಯಲ್ಲಿ ಗೆರೆ ಎಳೆಯುತ್ತೇನೆ.
ಗೆರೆ ನಿಂತಾಗ ಕತ್ತಲಲ್ಲಿ ಹೆಬ್ಬೆರಳು
ಅಜ್ಜ ತುಳಿಯುತ್ತಿದ್ದ ಪಟ್ಟಿಯ
ಗೂಟದ ತೂತನ್ನು ಹುಡುಕುತ್ತದೆ.
ಕೆಲವು ರಾತ್ರಿ ಸಿಗುತ್ತದೆ.